ಅಪ್‌ಡೇಟ್: ಮಗಳಿಗೆ ಬಂದದ್ದು ಸ್ಕಾರ್ಲೆಟ್ ಜ್ವರ
ಮಗಳಿಗೆ ಜ್ವರ, ಗಂಟಲುನೋವಿನ ಜೊತೆ ಎದೆ, ಹೊಟ್ಟೆಯ ಮೇಲೆ ಎದ್ದ ಕೆಂಪು ದದ್ದು ದಡಾರವೋ ಅಲರ್ಜಿಯೋ ಎಂದು ಈಚೆಗೆ ಕೇಳಿದ್ದೆ. ದದ್ದಿನ ಮೇಲೆ ಕೈಯಾಡಿಸಿ ನೋಡಿ, ಮರಳು ಕಾಗದದಂತೆ ಒರಟಾಗಿದ್ದರೆ ತಡಮಾಡದೆ ಗಂಟಲು ಪರೀಕ್ಷೆ ಮಾಡಿಸಿ ಎಂದವರ ಸಲಹೆಯೇ ಸರಿಯಾಯಿತು. ಕೆನ್ನೆ ಕೆಂಪಾಗಿ ಬಾಯಿಯ ಸುತ್ತ ಮಾತ್ರ ಬಿಳಚಿಕೊಂಡಿದ್ದುದನ್ನೂ, ನಾಲಿಗೆಯ ಬಿಳಿ ಪದರ ಕಳಚಿ ಕೆಂಪು ಗುಳ್ಳೆಗಳು ಎದ್ದು ಕಾಣುತ್ತಿದ್ದುದನ್ನೂ ಗಮನಿಸಿದ ಮಕ್ಕಳ ವೈದ್ಯರು ಇದು ಸ್ಕಾರ್ಲೆಟ್ ಜ್ವರವೆಂದರು. ಗಂಟಲಿನ ಸ್ವ್ಯಾಬ್‌ನಲ್ಲಿ ಈ ಜ್ವರ ತರುವ ಸ್ಟ್ರೆಪ್ಟೋಕಾಕಸ್ ಬ್ಯಾಕ್ಟೀರಿಯಾ ದೃಢಪಟ್ಟಿತು. ಅಲರ್ಜಿ ಸಿರಪ್, ಕ್ಯಾಲಮೈನ್‌ಗಳಿಂದ ತುರಿಕೆ ತುಸು ತಗ್ಗಿತೇ ಹೊರತು ಜ್ವರ ಇಳಿದಿರಲಿಲ್ಲ. ಅಮಾಕ್ಸಿಸಿಲಿನ್ ಎಂಬ ಆ್ಯಂಟಿಬಯಾಟಿಕ್‌ಗೆ ಬೇಗನೆ ಇಳಿಯಿತು. ಆದರೂ ಮುಂದೆ ಇದೇ ಸೋಂಕಿನ ಪರಿಣಾಮವಾಗಿ ರುಮ್ಯಾಟಿಕ್ ಜ್ವರ ಬಂದು ಹೃದಯದ ಕವಾಟಗಳಿಗೆ ತೊಂದರೆಯಾಗಬಾರದೆಂದು ವೈದ್ಯರು ಹೇಳಿದಂತೆ 10 ದಿನದ ಕೋರ್ಸನ್ನು ಪೂರ್ತಿ ಕೊಟ್ಟೆವು, ನೀವೂ ದಯವಿಟ್ಟು ನಡುವೆ ನಿಲ್ಲಿಸಬೇಡಿ. ದದ್ದು ಮಾಯವಾದ ಮೇಲೆ ಅವಳ ಬೆರಳ ತುದಿಗಳ ಚರ್ಮ ಸುಲಿಯತೊಡಗಿದ್ದು ಗಾಬರಿ ಹುಟ್ಟಿಸಿತ್ತು. ಈ ಜ್ವರದ ನಂತರ ಅದು ಸಹಜವಂತೆ.