ವಿಂಡರ್‌ಮಿಯರ್‌ನಲ್ಲಿ ದೋಣಿ, ಆಮೇಲೆ ಉಗಿಬಂಡಿ: ಹೋಗಿಬಂದವರ ಅನುಭವ

ಪ್ರಶ್ನೆ: ಅಪ್ಪ-ಅಮ್ಮ ಊರಿಂದ ಬಂದಿದ್ದಾರೆ. ನಾವಿರೋದು ಮ್ಯಾಂಚೆಸ್ಟರ್‌ನಲ್ಲಿ. ಅಪ್ಪನಿಗೆ ಮಂಡಿನೋವು, ಜಾಸ್ತಿ ನಡೆಯೋಕಾಗಲ್ಲ. ಲೇಕ್ ಡಿಸ್ಟ್ರಿಕ್ಟ್‌ನ ವಿಂಡರ್‌ಮಿಯರ್ ಸರೋವರದ ಹತ್ತಿರ ದೋಣಿ, ಸ್ಟೀಮ್ ರೈಲು ಎರಡನ್ನೂ ಒಂದೇ ದಿನ ಮುಗಿಸಬಹುದಂತೆ. ಹೋಗಿಬಂದವರು ಹೇಗೆ ಮಾಡಿದ್ರಿ, ಹೇಳ್ತೀರಾ?

ಉತ್ತರ 1:
ಖಂಡಿತ ಕರ್ಕೊಂಡು ಹೋಗಿ. ಹೋದ ಮೇ ತಿಂಗಳಲ್ಲಿ ನಾನೂ ನಮ್ಮಪ್ಪನ ಜೊತೆ ಹೋಗಿದ್ದೆ, ಅವರಿಗೆ ಎಪ್ಪತ್ನಾಲ್ಕು.

ವಿಂಡರ್‌ಮಿಯರ್‌ಗೆ ಕೆಲವು ರೈಲು ನೇರ ಇವೆ, ಇಲ್ಲದಿದ್ದರೆ ಆಕ್ಸೆನ್‌ಹೋಮ್‌ನಲ್ಲಿ ಇಳಿದು ಹತ್ತಬೇಕು. ಸ್ಟೇಷನ್ನಿಗೆ ಸರೋವರದ ಹೆಸರಿದೆ ಅಂತ ಇಳಿದ ಕೂಡಲೇ ನೀರು ಕಾಣಲ್ಲ. ದೋಣಿ ಸಿಗೋದು ಬೋನೆಸ್‌ನಲ್ಲಿ, ಸುಮಾರು ಎರಡೂವರೆ ಕಿಲೋಮೀಟರ್ ಕೆಳಗೆ. ಅಪ್ಪನನ್ನ ನಡೆಸಬೇಡಿ, 599 ನಂಬರ್ ಬಸ್ ಹತ್ತಿ.

ಅಲ್ಲಿ ದೋಣಿ, ರೈಲು ಸೇರಿಸಿ ಒಂದೇ ಟಿಕೆಟ್ ಕೇಳಿ. ಸರೋವರದ ತೆಂಕಣ ತುದಿಯ ಲೇಕ್‌ಸೈಡ್‌ಗೆ ದೋಣಿಯಲ್ಲಿ ಸುಮಾರು 40 ನಿಮಿಷ. ಸ್ಟೀಮರ್ ಅಂತ ಕರೆದರೂ ಈಗ ಇವು ಓಡೋದು ಡೀಸೆಲ್‌ನಲ್ಲಿ. ನಮಗೆ ಸಿಕ್ಕಿದ್ದು 1936ರ 'ಟೀಲ್'. ಅದನ್ನ ಬ್ಯಾರೋ ಅನ್ನೋ ಊರಲ್ಲಿ ಕಟ್ಟಿ, ಬಿಡಿಬಿಡಿಯಾಗಿ ರೈಲಿನಲ್ಲೇ ಲೇಕ್‌ಸೈಡ್‌ಗೆ ತಂದು ಜೋಡಿಸಿದ್ದು. ಇದನ್ನ ಹೇಳಿದ ಮೇಲೆ ಅಪ್ಪ ದಡ ನೋಡೋದು ಬಿಟ್ಟು ದೋಣಿಯನ್ನೇ ನೋಡ್ತಾ ಕೂತರು. ಮೇಲಿನ ಡೆಕ್‌ನಲ್ಲಿ ಗಾಳಿ ಜೋರು. ಬಿಸಿಲಿದ್ರೂ ಶಾಲು, ಮಂಕಿ ಕ್ಯಾಪ್ ಬೇಕೇ ಬೇಕು.

ಲೇಕ್‌ಸೈಡ್‌ನಲ್ಲಿ ದೋಣಿ ಇಳಿದ್ರೆ ಪಕ್ಕದಲ್ಲೇ ಪ್ಲಾಟ್‌ಫಾರ್ಮ್. ಮಂಡಿನೋವಿನವರಿಗೆ ಇದೇ ದೊಡ್ಡ ಅನುಕೂಲ. ಫರ್ನೆಸ್ ರೈಲ್ವೆ ಅನ್ನೋ ಕಂಪನಿ 1869ರಲ್ಲಿ ಹಳಿಯನ್ನ ನೀರಿನಂಚಿನವರೆಗೂ ತಂದು ನಿಲ್ಲಿಸಿತ್ತು. 1965ರಲ್ಲಿ ಪ್ರಯಾಣಿಕರ ಓಡಾಟ ನಿಂತುಹೋಯ್ತು. ರೈಲಿನ ಮೇಲೆ ಪ್ರೀತಿ ಇದ್ದವರು ಹೇವರ್‌ತ್ವೇಟ್‌ವರೆಗಿನ ಐದು ಕಿಲೋಮೀಟರನ್ನ ಉಳಿಸಿಕೊಂಡು 1973ರಲ್ಲಿ ಮತ್ತೆ ಶುರು ಮಾಡಿದ್ರು.

ಇಲ್ಲಿ ಒಂದು ಮಾತು ನೆನಪಿಡಿ. ರೈಲು ಬಂದ ತಕ್ಷಣ ಸೀಟಿಗೆ ಓಡಬೇಡಿ. ಇಂಜಿನ್ನಿನ ಕೊಂಡಿ ಬಿಚ್ಚಿ, ಪಕ್ಕದ ಹಳಿಯಲ್ಲಿ ತಂದು ಇನ್ನೊಂದು ತುದಿಗೆ ಕಟ್ಟುತ್ತಾರೆ. ಅಪ್ಪನನ್ನ ಆ ತುದಿಗೆ ಕರ್ಕೊಂಡು ಹೋಗಿ. ನಮ್ಮಪ್ಪ ಹುಡುಗನಾಗಿದ್ದಾಗ ಅರಸೀಕೆರೆಯಲ್ಲಿ ಕಲ್ಲಿದ್ದಲ ಗಾಡಿ ಹತ್ತಿದವರು. ಇಂಜಿನ್ ಹತ್ತಿರ ಬಂದು 'ಬುಸ್' ಅಂತ ಉಗಿ ಬಿಟ್ಟಾಗ ಕನ್ನಡಕದ ಮೇಲೆಲ್ಲ ಹಬೆ. ಒರೆಸಿಕೊಳ್ಳದೆ ಹಾಗೇ ನಿಂತಿದ್ರು. ಬಿಸಿ ಎಣ್ಣೆ, ಇದ್ದಲ ಹೊಗೆ ಬೆರೆತ ವಾಸನೆ. "ಇದೇ ಕಣೋ, ನಮ್ಮೂರ ಸ್ಟೇಷನ್ ವಾಸನೆ" ಅಂದ್ರು.

ಪ್ರಯಾಣ ಇಪ್ಪತ್ತು ನಿಮಿಷದ ಒಳಗೇ ಮುಗಿಯುತ್ತೆ. ಮೊದಲೇ ಹೇಳಿಬಿಡಿ, ಇಲ್ಲಾಂದ್ರೆ "ಇಷ್ಟೇನಾ?" ಅಂತಾರೆ. ಅದಕ್ಕೇ ಹೇವರ್‌ತ್ವೇಟ್‌ನಲ್ಲಿ ಇಳಿದು, ಟೀ ಕುಡಿದು, ಶೆಡ್ಡಿನ ಕಡೆ ಹೋಗಿಬಂದು ಮುಂದಿನ ರೈಲಿಗೆ ವಾಪಸ್ಸಾಗಿ. ಫೇರ್‌ಬರ್ನ್ ಟ್ಯಾಂಕ್ ಅನ್ನೋ ಜಾತಿಯ 277 ಇಂಜಿನ್‌ಗಳಲ್ಲಿ ಉಳಿದಿರೋದು ಎರಡೇ, ಎರಡೂ ಈ ಲೈನಿನವೇ.

ಮೊದಲ ಸಲ ನಾನು ಕೊನೆಯ ದೋಣಿ ಎಷ್ಟೊತ್ತಿಗೆ ಅಂತ ನೋಡಿರಲಿಲ್ಲ, ಟ್ಯಾಕ್ಸಿಗೆ ದಂಡ ತೆತ್ತೆ. ಬೆಳಿಗ್ಗೆ ಟಿಕೆಟ್ ತಗೊಳ್ಳುವಾಗಲೇ ವೇಳಾಪಟ್ಟಿಯ ಫೋಟೋ ತೆಗೆದಿಟ್ಕೊಳ್ಳಿ.

ಉತ್ತರ 2:
ನಾವು ಕಾರಲ್ಲಿ ಹೋಗಿದ್ವಿ, ಉಲ್ಟಾ ಮಾಡಿದ್ವಿ. ಹೇವರ್‌ತ್ವೇಟ್‌ನಲ್ಲಿ ಕಾರು ನಿಲ್ಲಿಸಿ ಮೊದಲು ರೈಲು, ಆಮೇಲೆ ದೋಣಿ. ಬೋನೆಸ್‌ನಲ್ಲಿ ಪಾರ್ಕಿಂಗ್‌ಗೆ ಸುತ್ತೋ ಕಷ್ಟ ತಪ್ಪಿತು. ಕೆಲವು ದಿನ ಡೀಸೆಲ್ ಇಂಜಿನ್ ಕಟ್ಟುತ್ತಾರೆ, ಸ್ಟೀಮೇ ಬೇಕಂದ್ರೆ ಹಿಂದಿನ ದಿನ ವಿಚಾರಿಸಿ. ಚಳಿಗಾಲದಲ್ಲಿ ರೈಲು ದಿನಾ ಓಡಲ್ಲ.

ಪ್ರಶ್ನೆ ಕೇಳಿದವರು:
ತುಂಬಾ ಉಪಕಾರ ಆಯ್ತು. ಡೆಕ್‌ಗೆ ಮೆಟ್ಟಿಲು ಹತ್ತಲೇಬೇಕಾ?

ಉತ್ತರ 1:
ಬೇಕಿಲ್ಲ ಸರ್. ಕೆಳಗೆ ಗಾಜಿನ ಕಿಟಕಿ ಪಕ್ಕ ಬೆಚ್ಚಗೆ ಕೂರಬಹುದು. ಸಾಲಿನಲ್ಲಿ ಸ್ವಲ್ಪ ಬೇಗ ನಿಲ್ಲಿ, ಕಿಟಕಿ ಸೀಟು ಬೇಗ ತುಂಬುತ್ತೆ. ಚಪಾತಿ, ಮೊಸರನ್ನ ಕಟ್ಕೊಂಡು ಹೋಗಿ. ಹೇವರ್‌ತ್ವೇಟ್‌ನಲ್ಲಿ ಇಂಜಿನ್ ನೋಡ್ತಾ ತಿನ್ನಬಹುದು.