ಅಂಬಾಸಿಡರ್ 1489 ಸಿಸಿ ಪೆಟ್ರೋಲ್ ಕಾರು: ಎಂಜಿನ್ ಬಿಸಿಯಾದ್ರೆ ಆಯಿಲ್ ಪ್ರೆಷರ್ ಬೀಳ್ತಿದೆ, 20ಡಬ್ಲ್ಯೂ-50 ಹಾಕಲಾ?

ಮೂಡಿಗೆರೆ:
ಎಂಜಿನ್ ಪೂರ್ತಿ ಬಿಚ್ಚಿ ಕಟ್ಟಿಸಿದ್ದು. ಕ್ರ್ಯಾಂಕ್ (ಎಂಜಿನ್‌ನ ಮುಖ್ಯ ದಂಡ) 20 ಥೌ ಗ್ರೈಂಡಿಂಗ್ (ಇಂಚಿನ ಸಾವಿರದ ಒಂದು ಭಾಗ ಒಂದು ಥೌ), ಅದನ್ನು ಹೊರೋ ಮೇನ್ ಬೇರಿಂಗ್, ಕನೆಕ್ಟಿಂಗ್ ರಾಡ್‌ನ ಬಿಗ್ ಎಂಡ್ ಬೇರಿಂಗ್ ಹೊಸದು, ಆಯಿಲ್ 15ಡಬ್ಲ್ಯೂ-40 (ಮೊದಲ ಅಂಕಿ ಚಳಿಯಲ್ಲಿನ ದಪ್ಪ, ಎರಡನೇದು ಬಿಸಿಯಲ್ಲಿನ ದಪ್ಪ). ಬೆಳಗ್ಗೆ ಸ್ಟಾರ್ಟ್ ಮಾಡಿದಾಗ 60 ಪಿಎಸ್‌ಐ. ಚಾರ್ಮಾಡಿ ಘಾಟಿ ಹತ್ತಿ ಕೊಟ್ಟಿಗೆಹಾರ ಮುಟ್ಟೋಷ್ಟರಲ್ಲಿ ಐಡ್ಲಿಂಗ್‌ನಲ್ಲಿ 5, 3000 ಆರ್‌ಪಿಎಂನಲ್ಲಿ 25. ಬಡಿತದ ಸದ್ದಿಲ್ಲ. ದಪ್ಪ ಆಯಿಲ್ ಸಾಕಾಗುತ್ತಾ ಸರ್?

ಹಾಸನ:
ಸಾಕಾಗಲ್ಲ. ಸಾವಿರ ಆರ್‌ಪಿಎಂಗೆ 10 ಪಿಎಸ್‌ಐ ಅನ್ನೋದು ಹಳೇ ಲೆಕ್ಕ, ನಿಮ್ಮದು ಅದಕ್ಕೂ ಕೆಳಗಿದೆ. ಮೊದಲು ಬೇರೆ ಗೇಜ್ ಹಾಕಿ ಖಾತ್ರಿ ಮಾಡ್ಕೊಳ್ಳಿ.

ಬೇರಿಂಗ್‌ನಿಂದ ಸೋರೋ ಆಯಿಲ್ ಕ್ಲಿಯರೆನ್ಸ್‌ನ (ಕ್ರ್ಯಾಂಕ್‌ಗೂ ಬೇರಿಂಗ್‌ಗೂ ನಡುವಿನ ಸಂದಿ) ಘನಕ್ಕೆ ತಕ್ಕಂತೆ ಏರುತ್ತೆ. 2 ಥೌ ಇರಬೇಕಾದ ಕಡೆ 3 ಇದ್ರೆ ಸೋರಿಕೆ ಮೂರು ಪಟ್ಟಿಗೂ ಮೇಲೆ. 40ರಿಂದ 50ಕ್ಕೆ ಹೋದ್ರೆ ಬಿಸಿಯಲ್ಲಿ ಆಯಿಲ್ ದಪ್ಪ ಆಗೋದು ಹೆಚ್ಚೂಕಡಿಮೆ ಮೂರನೇ ಒಂದು ಭಾಗ ಮಾತ್ರ. ಗೇಜ್ ಸ್ವಲ್ಪ ಏಳುತ್ತೆ, ತೊಂದರೆ ಒಳಗೇ ಉಳಿಯುತ್ತೆ.

ಆಯಿಲ್ ಚೇಂಬರ್ ಇಳಿಸಿ ಪ್ಲಾಸ್ಟಿಗೇಜ್‌ನಲ್ಲಿ ಅಳೀರಿ (ಒತ್ತಿದಾಗ ಚಪ್ಪಟೆಯಾಗೋ ಪ್ಲಾಸ್ಟಿಕ್ ಎಳೆ, ಅದರ ಅಗಲದಿಂದ ಸಂದಿ ಗೊತ್ತಾಗುತ್ತೆ). ಜರ್ನಲ್ (ಬೇರಿಂಗ್‌ನಲ್ಲಿ ಕೂರೋ ಕ್ರ್ಯಾಂಕ್‌ನ ಭಾಗ), ಬೇರಿಂಗ್ ಎರಡರ ಆಯಿಲ್ ಒರೆಸಿ, ಎಳೆಯನ್ನು ಜರ್ನಲ್ ಉದ್ದಕ್ಕೆ ಇಟ್ಟು, ಬೇರಿಂಗ್ ಕ್ಯಾಪನ್ನು ಟಾರ್ಕ್ ರೆಂಚ್‌ನಲ್ಲಿ ಮ್ಯಾನುಯಲ್ ಹೇಳಿದಷ್ಟು ಬಿಗಿದು, ಮತ್ತೆ ಬಿಚ್ಚಿ ಎಳೆಯ ಅಗಲ ನೋಡಿ. ಮಧ್ಯೆ ಕ್ರ್ಯಾಂಕ್ ತಿರುಗಿಸಿದ್ರೆ ಅಳತೆ ಹೋಯ್ತು. ಮೇನ್ ಬೇರಿಂಗ್ ನೋಡುವಾಗ ಕ್ರ್ಯಾಂಕ್‌ಗೆ ಕೆಳಗಿಂದ ಜಾಕ್ ಕೊಡಿ, ಇಲ್ಲಾಂದ್ರೆ ಅದರ ಭಾರಕ್ಕೆ ಕ್ಲಿಯರೆನ್ಸ್ ಕಮ್ಮಿ ತೋರಿಸುತ್ತೆ. ಮೇನ್ ಜರ್ನಲ್ 2 ಇಂಚು. ಇಂಚಿಗೆ 1 ಥೌ ಲೆಕ್ಕದಲ್ಲಿ 2ರಿಂದ 2.5 ಥೌ, ಅಂದ್ರೆ 0.05ರಿಂದ 0.064 ಮಿಮೀ ಸರಿ. ಎಳೆ ಒಂದು ತುದಿಯಲ್ಲಿ ಅಗಲ, ಇನ್ನೊಂದರಲ್ಲಿ ಸಣ್ಣ ಬಂದ್ರೆ ಗ್ರೈಂಡಿಂಗ್ ಓರೆಯಾಗಿದೆ.

ಮೂಡಿಗೆರೆ:
ಅಳೆದೆ ಸರ್. ಬಿಗ್ ಎಂಡ್ ನಾಲ್ಕೂ 2. ಮೇನ್ ಮುಂದಿನದು, ಹಿಂದಿನದು 2.5, ನಡುವಿನದು 3.5. ಬೇರಿಂಗ್ ಹಿಂದೆ ಕಾಗದ ಕೊಟ್ಟು ಸರಿಮಾಡೋಣ ಅಂತಾರೆ ಮೆಕ್ಯಾನಿಕ್.

ಚಿಕ್ಕಮಗಳೂರು:
ಕಾಗದ ಬೇಡವೇ ಬೇಡ. ಬೇರಿಂಗ್‌ನ ಬೆನ್ನು ಬ್ಲಾಕಿಗೆ ಅಂಟಿ ಕೂತ್ರೇನೇ ಬಿಸಿ ಹೊರಗೆ ಹೋಗೋದು. ಮಧ್ಯೆ ಕಾಗದ ಬಂದ್ರೆ ಹಿಡಿತ ತಪ್ಪಿ ಬೇರಿಂಗ್ ತಿರುಗುತ್ತೆ, ಆಯಿಲ್ ತೂತು ಮುಚ್ಚುತ್ತೆ. ಕ್ಯಾಪನ್ನು ಅರದಲ್ಲಿ ಉಜ್ಜಿ ಇಳಿಸೋದೂ ಹಾಗೇ, ಗುಂಡಗಿನ ಆಕಾರ ಹಾಳು. ನಡುವಿನ ಜರ್ನಲನ್ನು ಮೈಕ್ರೋಮೀಟರ್‌ನಲ್ಲಿ ನೋಡಿ. ಹೆಚ್ಚು ಸವೆಸಿದ್ರೆ ಮೇನ್ ಮೂರನ್ನೂ 30 ಥೌಗೆ ಇಳಿಸಿ, ಹೊಸ ಬೇರಿಂಗ್ ಹಾಕಿ. ಜರ್ನಲ್ ಅಳತೆ ಸರಿಯಿದ್ರೆ ಬೇರಿಂಗ್ ಕೂರೋ ಬ್ಲಾಕಿನ ಬೋರ್ ಅಳೆಸಿ.

ಎಂಜಿನ್ ಬಿಚ್ಚಿದಾಗಲೇ ಕ್ಯಾಮ್ ಬುಷ್ (ಕ್ಯಾಮ್‌ಶಾಫ್ಟ್ ತಿರುಗೋ ಬೇರಿಂಗ್) ಮೂರನ್ನೂ ನೋಡಿ. ಕ್ರ್ಯಾಂಕ್ ಮಾಡಿಸಿ ಇದನ್ನು ಬಿಡೋರೇ ಜಾಸ್ತಿ, ಪ್ರೆಷರ್ ಅಲ್ಲೂ ಸೋರುತ್ತೆ. ಪಂಪ್ ಮುಚ್ಚಳದ ಸಂದಿ 5 ಥೌ ದಾಟಬಾರದು. ಹೆಚ್ಚಾದ ಪ್ರೆಷರ್ ಬಿಡೋ ರಿಲೀಫ್ ವಾಲ್ವ್ ಸೀಟಲ್ಲಿ ಕಸ ಇರಬಾರದು.

ಕ್ಲಿಯರೆನ್ಸ್ ಸರಿಹೋದ್ರೆ 20ಡಬ್ಲ್ಯೂ-40 ಸಾಕು, ಘಾಟಿ ಓಡಾಟ ಜಾಸ್ತಿಯಿದ್ರೆ 20ಡಬ್ಲ್ಯೂ-50. ನಮ್ಮ ಕಡೆ ಚಳಿಗೆ 20ಡಬ್ಲ್ಯೂ ಏನೂ ಗಟ್ಟಿಯಾಗಲ್ಲ. ಹೊಸ ಕಾರಿನ 5ಡಬ್ಲ್ಯೂ-30 ಮಾತ್ರ ಬೇಡ: ಅದರಲ್ಲಿ ರಂಜಕಕ್ಕೆ 0.08% ಮಿತಿ, ಸವೆತ ತಡೆಯೋ ಝಿಂಕ್ ಕೂಡ ಜೊತೆಗೇ ಇಳಿಯುತ್ತೆ. ಈ ಎಂಜಿನ್‌ನ ಟ್ಯಾಪೆಟ್ (ವಾಲ್ವ್ ಎತ್ತೋ ಭಾಗ) ಕ್ಯಾಮ್ ಮೇಲೆ ಉಜ್ಜಿಕೊಂಡೇ ಓಡೋದ್ರಿಂದ ಝಿಂಕ್ ಬೇಕೇಬೇಕು.

ಕಟ್ಟಿದ ಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿಟ್ಟು, ಗೇಜ್ ಏಳೋವರೆಗೆ ಬಿಟ್ಟುಬಿಟ್ಟು ಸೆಲ್ಫ್ ಹೊಡೀರಿ, ಆಮೇಲೆ ಪ್ಲಗ್ ಹಾಕಿ ಸ್ಟಾರ್ಟ್ ಮಾಡಿ.