ಕಮೋಡೋರ್ 64ಸಿ: ಧ್ವನಿಯೂ ಇಲ್ಲ, ಗಡಿಯಾರವೂ ನಿಂತಿದೆ

ಪ್ರಶ್ನೆ:
ಇಂಗ್ಲೆಂಡಿನಲ್ಲಿದ್ದ ನಮ್ಮ ಸೋದರಮಾವ ತಂದುಕೊಟ್ಟಿದ್ದ ಕಮೋಡೋರ್ 64ಸಿ ಎಂಬ 1980ರ ದಶಕದ ಮನೆಬಳಕೆಯ ಗಣಕವನ್ನು ಇತ್ತೀಚೆಗೆ ಅಟ್ಟದಿಂದ ಇಳಿಸಿದೆ. ಇದು 8580 ಧ್ವನಿ ಚಿಪ್ ಇರುವ ಚಿಕ್ಕ ಬೋರ್ಡಿನ ಮಾದರಿ. ಕಳೆದ ವಾರದಿಂದ ಪರದೆಯ ಮೇಲೆ ‘ರೆಡಿ’ ಮೂಡುತ್ತದೆ, ಅದರ ಬೇಸಿಕ್ ಭಾಷೆಯ ಪ್ರೋಗ್ರಾಮುಗಳೂ ಓಡುತ್ತವೆ, ಆದರೆ ಧ್ವನಿ ಪೂರ್ತಿ ನಿಂತಿದೆ. ಸಿಐಎ (ಒಳಬರುವ-ಹೊರಹೋಗುವ ಸಂಕೇತಗಳನ್ನೂ ಸಮಯವನ್ನೂ ನೋಡಿಕೊಳ್ಳುವ) ಚಿಪ್ಪಿನ ಟಿಒಡಿ, ಅಂದರೆ ದಿನದ ಹೊತ್ತನ್ನು ಹೇಳುವ, ಗಡಿಯಾರವನ್ನು ಓದುವ ನನ್ನ ಪ್ರೋಗ್ರಾಮು ಸಹ ಒಂದೇ ಹೊತ್ತನ್ನು ತೋರಿಸುತ್ತಿದೆ. ಬೇಸಿಕ್‌ನಲ್ಲಿ ಸಮಯವನ್ನು ಎಣಿಸುವ ಟಿಐ ಮಾತ್ರ ಎಂದಿನಂತೆ ಏರುತ್ತದೆ. ರಿಪೇರಿಯವರೊಬ್ಬರು ಎರಡೂ ಚಿಪ್ಪುಗಳು ಹೋಗಿವೆ ಎಂದರು. ಹಳೆಯ 6581 ಧ್ವನಿ ಚಿಪ್ಪೊಂದು ಮಾರಾಟಕ್ಕಿದೆ, ಅದನ್ನು ಕೂರಿಸಬಹುದೇ?

ಉತ್ತರ 1:
ದಯವಿಟ್ಟು ಕೂರಿಸಬೇಡಿ. 6581ಕ್ಕೆ 12 ವೋಲ್ಟ್ ಬೇಕು, ನಿಮ್ಮ ಬೋರ್ಡು 8580ಕ್ಕೆಂದು 9 ವೋಲ್ಟ್ ಕೊಡುತ್ತದೆ. ಅದಕ್ಕೆ ಬೇಕಾದ ಫಿಲ್ಟರ್ ಕೆಪಾಸಿಟರುಗಳ ಧಾರಣಶಕ್ತಿಯೂ ಬೇರೆ. ಅದಕ್ಕಿಂತ ಮುಖ್ಯವಾಗಿ, ನಿಮ್ಮ ಚಿಪ್ಪುಗಳು ಸತ್ತಿವೆ ಎಂದು ನನಗೆ ಅನ್ನಿಸುವುದಿಲ್ಲ.

ಈ ಗಣಕದ ಪವರ್ ಸಪ್ಲೈ ಎರಡು ಬಗೆಯ ವಿದ್ಯುತ್ತನ್ನು ಕಳುಹಿಸುತ್ತದೆ: 5 ವೋಲ್ಟ್ ಡಿಸಿ ಮತ್ತು 9 ವೋಲ್ಟ್ ಎಸಿ. ಧ್ವನಿ ಚಿಪ್ಪಿನ 9 ವೋಲ್ಟ್ ಡಿಸಿ ಹುಟ್ಟುವುದು ಈ ಎಸಿಯಿಂದಲೇ. ಟಿಒಡಿ ಗಡಿಯಾರವೂ ಸೆಕೆಂಡಿಗೆ 50 ಸಲ ಬರುವ ಅದರ ಮಿಡಿತವನ್ನೇ ಎಣಿಸುತ್ತದೆ. ಟಿಐ ಹಾಗಲ್ಲ, ಅದು ಗಣಕದ ಕ್ರಿಸ್ಟಲ್ಲಿನಿಂದ ನಡೆಯುವ ಟೈಮರನ್ನು ನೆಚ್ಚಿಕೊಂಡಿದೆ. ಆದ್ದರಿಂದಲೇ ಎಸಿ ತಪ್ಪಿದಾಗ ಒಂದು ಗಡಿಯಾರ ನಿಂತು ಇನ್ನೊಂದು ಓಡುತ್ತದೆ. ಕ್ಯಾಸೆಟ್ ಡ್ರೈವಿನ ಮೋಟಾರೂ ತಿರುಗದಿದ್ದರೆ ಅನುಮಾನವೇ ಬೇಡ.

ಪ್ಲಗ್ಗಿನ 6 ಮತ್ತು 7ನೇ ಪಿನ್ನುಗಳ ನಡುವೆ ಮಲ್ಟಿಮೀಟರನ್ನು ಎಸಿಗೆ ಇಟ್ಟು ಅಳೆಯಿರಿ. ಅಲ್ಲಿ ಎಸಿ ಇದ್ದರೆ ಬೋರ್ಡಿನ ಮೇಲಿನ ಫ್ಯೂಸನ್ನು ನೋಡಿ.

ಉತ್ತರ 2:
ಮೇಲಿನವರ ಮಾತು ಸರಿ. ಅಳೆಯುವಾಗಲೇ 5 ಮತ್ತು 2ನೇ ಪಿನ್ನುಗಳ ನಡುವಿನ ಡಿಸಿಯನ್ನೂ ನೋಡಿಬಿಡಿ. ರಾಳ ತುಂಬಿ ಮುಚ್ಚಿದ ಹಳೆಯ ಸಪ್ಲೈಗಳಲ್ಲಿ ರೆಗ್ಯುಲೇಟರ್ ಕೆಟ್ಟರೆ 5 ವೋಲ್ಟ್ ಮೇಲೇರಿ ಮೆಮೊರಿ ಚಿಪ್ಪುಗಳನ್ನು ಸುಡುತ್ತದೆ, ಮತ್ತು ಇಂದು ಸರಿಯಾಗಿ ಅಳೆದದ್ದು ನಾಳೆ ಬಿಸಿಯಾದಾಗಲೂ ಹಾಗೆಯೇ ಇರುತ್ತದೆಂಬ ಭರವಸೆ ಇಲ್ಲ. ನಾನಾಗಿದ್ದರೆ ಆ ಸಪ್ಲೈಯನ್ನು ನೆನಪಿಗೆಂದು ಕಪಾಟಿನಲ್ಲಿಟ್ಟು ಹೊಸದನ್ನು ಕೊಳ್ಳುತ್ತಿದ್ದೆ. ಎಸಿಯ ಜಾಗಕ್ಕೆ 9 ವೋಲ್ಟಿನ ಡಿಸಿ ಅಡಾಪ್ಟರ್ ಜೋಡಿಸುವ ಸಾಹಸವಂತೂ ಬೇಡ. ಡಿಸಿಯಲ್ಲಿ ಮಿಡಿತವೇ ಇಲ್ಲದ್ದರಿಂದ ಗಡಿಯಾರ ಹೇಗೂ ನಡೆಯದು.

ಇನ್ನೊಂದು ಮಾತು. ಆನ್ ಮಾಡಿದಾಗ ಸಿಐಎ ತನಗೆ ಬರುವ ಎಸಿ 60 ಹರ್ಟ್ಸ್, ಅಂದರೆ ಸೆಕೆಂಡಿಗೆ 60 ಮಿಡಿತದ್ದು, ಎಂದು ತಿಳಿದಿರುತ್ತದೆ. ನಮ್ಮ 50 ಹರ್ಟ್ಸ್‌ಗೆ 56334ನೇ ಮೆಮೊರಿ ವಿಳಾಸದ 128ರ ಬಿಟ್ಟನ್ನು 1 ಮಾಡದಿದ್ದರೆ ಟಿಒಡಿ ಗಡಿಯಾರ ಗಂಟೆಗೆ 10 ನಿಮಿಷ ಹಿಂದೆ ಬೀಳುತ್ತದೆ. ಹೊತ್ತನ್ನು ಹೊಂದಿಸಲು ಗಂಟೆಯನ್ನು ಬರೆದೊಡನೆ ಗಡಿಯಾರ ನಿಲ್ಲುತ್ತದೆ. 56328ಕ್ಕೆ, ಅಂದರೆ ಸೆಕೆಂಡಿನ ಹತ್ತನೇ ಭಾಗದ ರಿಜಿಸ್ಟರಿಗೆ, ಬರೆದ ಮೇಲೆಯೇ ಮತ್ತೆ ಹೊರಡುತ್ತದೆ.

ಪ್ರಶ್ನೆ ಕೇಳಿದವರು:
ಪ್ಲಗ್ಗಿನಲ್ಲಿ ಎಸಿ ಇತ್ತು, ಬೋರ್ಡಿನ ಫ್ಯೂಸ್ ಸುಟ್ಟಿತ್ತು. ತಪ್ಪು ನನ್ನದೇ: ಹೊರಗಿನ ಸಲಕರಣೆಗಳನ್ನು ಜೋಡಿಸುವ ಯೂಸರ್ ಪೋರ್ಟಿಗೆ ನಾನು ಬೆಸೆದಿದ್ದ ಕನೆಕ್ಟರಿನಲ್ಲಿ 10 ಮತ್ತು 11ನೇ ಪಿನ್ನುಗಳ ನಡುವೆ ಸೀಸದ ಹನಿಯೊಂದು ಅಂಟಿಕೊಂಡಿತ್ತು, ಆ ಎರಡೂ 9 ವೋಲ್ಟ್ ಎಸಿಯ ಪಿನ್ನುಗಳಂತೆ. ಅದನ್ನು ತೆಗೆದು ಅಷ್ಟೇ ಆಂಪಿಯರಿನ ಫ್ಯೂಸ್ ಹಾಕಿದೆ. ಧ್ವನಿ ಬಂದಿದೆ, ಗಡಿಯಾರವೂ ನಡೆಯುತ್ತಿದೆ. ಹೊಸ ಸಪ್ಲೈ ಬರುವವರೆಗೆ ಗಣಕವನ್ನು ಆನ್ ಮಾಡುವುದಿಲ್ಲ.